ಪಾಳ್ಯದಲ್ಲಿ ಬಿದ್ದ ಹನ್ನೊಂದು ಇಂಚು

ಮೊಣಕಾಲುದ್ದದ ರಬ್ಬರ್ ಬೂಟ್ಸಿಗೆ ಹದಿನಾರು ರೂಪಾಯಿ. ಸಕಲೇಶಪುರದ ಸಂತೆಯಲ್ಲಿ ಕೊಂಡ ದಪ್ಪ ಕಂಬಳಿಗೆ ಹದಿನೆಂಟು. ದೊಡ್ಡ ಛತ್ರಿಗೆ ಒಂಬತ್ತು. ಎಸ್ಟೇಟ್ ಮಾರಿ ಊರಿಗೆ ಹೊರಟ ಬಿಳಿ ದೊರೆಯೊಬ್ಬನ ಸಾಮಾನು ಹರಾಜಾದಾಗ ಕೂಗಿ ಹಿಡಿದ ಮಳೆಕೋಟಿಗೆ ಇಪ್ಪತ್ತೆರಡು; ಅದು ನೆಲ ಗುಡಿಸುತ್ತಿದ್ದುದರಿಂದ ಕತ್ತರಿಸಿ ಹೊಲಿಸಲು ಮತ್ತೆ ಒಂದೂವರೆ. ಒಟ್ಟು ಅರವತ್ತಾರೂವರೆ ರೂಪಾಯಿ ಖರ್ಚಿನಲ್ಲಿ ಪಾಳ್ಯದ ತೋಟಪ್ಪನವರು ಮಲೆನಾಡಿನವರಾಗಿದ್ದರು.

ಆ ದುಡ್ಡಿಗೆ ಇನ್ನಷ್ಟು ಸೇರಿಸಿದ್ದರೆ ಒಂದು ಹಸು ಬರುತ್ತಿತ್ತು ಎಂದು ಅವರ ಹೆಂಡತಿ ವಿಶಾಲಮ್ಮ ಆಗಾಗ ಹೇಳುತ್ತಿದ್ದರು. ಹಸು ಹಾಲು ಕೊಡುತ್ತದೆ, ಮರ್ಯಾದೆ ಕೊಡುತ್ತದೆಯೇ ಎಂಬುದು ತೋಟಪ್ಪನವರ ವಾದ.

ಪಾಳ್ಯ ಇರುವುದು ಸಕಲೇಶಪುರದ ಗುಡ್ಡಗಳು ತಗ್ಗುತ್ತಾ ತಗ್ಗುತ್ತಾ ಆಲೂರಿನ ಕಡೆಗೆ ಬಯಲಾಗುವ ಜಾಗದಲ್ಲಿ. ದೇವರು ಮಲೆನಾಡನ್ನು ಮಾಡಿ ಮುಗಿಸಿ ಕೈ ತೊಳೆದದ್ದು ಇಲ್ಲೇ ಇರಬೇಕು. ಒಂದಿಷ್ಟು ಭತ್ತ, ಒಂದಿಷ್ಟು ರಾಗಿ, ಅಂಚಿನಲ್ಲಿ ನಾಚಿಕೊಂಡು ನಿಂತ ಕಾಫಿ. ತೋಟಪ್ಪನವರದು ಮೂರೆಕರೆ ಕಾಫಿ, ಏಳೆಕರೆ ರಾಗಿ. ರಾಗಿಯಿಂದ ಮನೆ ನಡೆಯುತ್ತಿತ್ತು. ಮಾತು ಮಾತ್ರ ಕಾಫಿಯದು.

ಕಾಫಿ ಸೀಮೆಯಲ್ಲಿ ಒಂದು ಪದ್ಧತಿಯುಂಟು. ಅಲ್ಲಿ ಮನೆತನವನ್ನು ಮಳೆಯ ಇಂಚಿನಲ್ಲಿ ಅಳೆಯುತ್ತಾರೆ. ‘ಅವರದು ನೂರಿಂಚಿನ ಮನೆ’ ಎಂದರೆ ಬೇರೆ ವಿವರ ಬೇಕಿಲ್ಲ. ಇಂಚು ಏರಿದಷ್ಟೂ ಗೌರವ ಏರುತ್ತದೆ. ವಿಪರೀತ ಮಳೆಗೆ ಕಾಫಿ ಕಾಯಿ ಕೊಳೆತು ಉದುರುತ್ತದೆ ಎಂಬುದು ನಿಜ. ಆದರೆ ಗೌರವ ಕೊಳೆಯುವುದಿಲ್ಲವಲ್ಲ.

ಸಾವಿರದ ಒಂಬೈನೂರ ಅರವತ್ತಮೂರರ ಬೇಸಿಗೆಯಲ್ಲಿ ತೋಟಪ್ಪನವರ ಮಗಳು ದ್ರಾಕ್ಷಾಯಣಿಯನ್ನು ನೋಡಲು ಹಾನುಬಾಳಿನ ಕಡೆಯಿಂದ ಗಂಡಿನವರು ಬಂದರು. ಗಂಡಿನ ತಂದೆ ಶಾಂತಮಲ್ಲಪ್ಪ ಇನ್ನೂರು ಎಕರೆ ಕಾಫಿಯ ಯಜಮಾನರು. ಹುಡುಗ ಹುಡುಗಿಯನ್ನು ನೋಡಿದ, ಹುಡುಗಿ ಹುಡುಗನನ್ನು ನೋಡಿದಳು, ಇಬ್ಬರೂ ಇನ್ನೊಂದು ಸಲ ನೋಡಿದರು. ಅಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ಶಾಂತಮಲ್ಲಪ್ಪನವರು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಕೇಳಿದರು:

“ನಿಮ್ಮಲ್ಲಿ ಮಳೆ ಎಷ್ಟಿಂಚು ಬೀಳ್ತದೆ?”

“ತೊಂಬತ್ತು” ಎಂದರು ತೋಟಪ್ಪನವರು. ಒಳಗೆ ವಿಶಾಲಮ್ಮ ಕೆಮ್ಮಿದ್ದು ಕೇಳಿಸಿತು. “ಕೆಲವು ವರ್ಷ ತೊಂಬತ್ತೈದು” ಎಂದು ಸೇರಿಸಿದರು.

“ನಮ್ಮಲ್ಲಿ ನೂರೈವತ್ತು” ಎಂದರು ಶಾಂತಮಲ್ಲಪ್ಪ, ಯಾರೂ ಕೇಳದಿದ್ದರೂ. “ಯಾಕೆ ಕೇಳ್ದೆ ಅಂದ್ರೆ, ನಮ್ಮ ತಮ್ಮನ ಮಗನಿಗೆ ಬಯಲುಸೀಮೆ ಹೆಣ್ಣು ತಂದಿದ್ವು. ಬಂಗಾರದಂಥ ಹುಡುಗಿ. ಆರಿದ್ರಾ ಮಳೆ ಹಿಡ್ದು ಎಂಟು ದಿನ ಸೂರ್ಯನ ಮುಖ ಕಾಣಲಿಲ್ಲ ನೋಡಿ, ಟ್ರಂಕ್ ತಗೊಂಡು ತೌರಿಗೆ ಹೋದೋಳು ದೀಪಾವಳಿಗೇ ವಾಪಸ್ ಬಂದಿದ್ದು. ಅದಕ್ಕೇ ನಮ್ಮನೇಲಿ ತೀರ್ಮಾನ ಮಾಡಿದೀವಿ. ಮಳೆ ಕಂಡ ಮನೆ ಹೆಣ್ಣೇ ಬೇಕು.”

“ನಮ್ಮ ಹುಡುಗಿ ಹುಟ್ಟಿದ್ದೇ ಮಳೇಲಿ ಯಜಮಾನ್ರೇ” ಎಂದರು ತೋಟಪ್ಪನವರು. ದ್ರಾಕ್ಷಾಯಣಿ ಹುಟ್ಟಿದ್ದು ಶಿವರಾತ್ರಿಯ ಮಾರನೇ ದಿನ.

“ಒಳ್ಳೇದು. ಯಾರೋ ವಿಜ್ಞಾನಿಗಳು ಸಕಲೇಶಪುರದಿಂದ ಹಿಡ್ದು ಈ ಕಡೆಗೆ ಅಲ್ಲಲ್ಲಿ ಮಳೆ ಅಳಿಯೋ ಡಬ್ಬಿ ಇಡ್ತಾ ಇದಾರಂತೆ. ಒಂದು ನಿಮ್ಮ ಅಂಗಳದಲ್ಲೇ ಇಡಿಸ್ಕೊಳ್ಳಿ. ಮೃಗಶಿರ ಮಳೆ ಮುಗಿಯೋದ್ರೊಳಗೆ ಅದು ಹತ್ತಿಂಚು ತೋರಿಸ್ಲಿ, ಆಮೇಲೆ ತಾಂಬೂಲ. ಮನುಷ್ಯರು ಹೇಳೋದು ಬೇರೆ, ಡಬ್ಬಿ ಹೇಳೋದು ಬೇರೆ.”

ಡಬ್ಬಿಯ ಮಾತು ನಿಜವಾಗಿತ್ತು. ಆ ವರ್ಷ ದೇಶದೇಶಗಳ ವಿಜ್ಞಾನಿಗಳು ಹಡಗು, ವಿಮಾನಗಳನ್ನು ತೆಗೆದುಕೊಂಡು ಹಿಂದೂ ಮಹಾಸಾಗರದಲ್ಲಿ ಮುಂಗಾರಿನ ಬೆನ್ನು ಹತ್ತಿದ್ದರು. ಸಮುದ್ರದ ಮೇಲೆ ಅದು ಏನು ಮಾಡುತ್ತದೆ ಎಂಬುದನ್ನು ಅವರು ನೋಡಿಕೊಂಡರೆ, ಘಾಟಿ ಹತ್ತಿ ಬಂದ ಮೇಲೆ ಏನು ಮಾಡುತ್ತದೆ ಎಂದು ನೋಡಲು ಮಹಾದೇವಯ್ಯ ಎಂಬ ತರುಣ ವಿಜ್ಞಾನಿ ಸಕಲೇಶಪುರದ ಮುಸಾಫರಿ ಬಂಗಲೆಗೆ ಬಂದಿಳಿದಿದ್ದ. ಬಹಳ ಓದಿದವನು, ಬಹಳ ಒಳ್ಳೆಯವನು. ಯಾರು ಏನು ಹೇಳಿದರೂ ನಂಬುತ್ತಿದ್ದ. ಆನೇಮಹಲ್‌ನ ಅಬ್ಬಾಸ್ ತನ್ನ ಜೀಪನ್ನು ಅವನಿಗೆ ಬಾಡಿಗೆಗೆ ಕೊಟ್ಟು ತಾನೇ ಓಡಿಸುತ್ತಿದ್ದ. ಜೀಪಿನಲ್ಲಿ ಮಳೆಯ ಲೆಕ್ಕದ ಚೀಟಿಗಳೂ ಊರೂರಿನ ಸುದ್ದಿಯೂ ಒಟ್ಟಿಗೆ ಸಾಗುತ್ತಿದ್ದವು. ಚೀಟಿಗಳು ಹೊರಟಷ್ಟೇ ಇರುತ್ತಿದ್ದವು; ಸುದ್ದಿ ದಾರಿಯಲ್ಲಿ ಮರಿ ಹಾಕುತ್ತಿತ್ತು.

ಮಹಾದೇವಯ್ಯ ತೋಟಪ್ಪನವರ ಅಂಗಳದಲ್ಲಿ ನೆಲ ಅಗೆಸಿ, ಮೇಲೆ ಆಲಿಕೆಯಿದ್ದ ಉದ್ದನೆಯ ಡಬ್ಬಿಯೊಂದನ್ನು ನಿಲ್ಲಿಸಿ, ಸುತ್ತ ಮುಳ್ಳುತಂತಿ ಬಿಗಿಸಿದ. ಬಿದ್ದ ನೀರನ್ನು ಬೆಳಿಗ್ಗೆ ಗಾಜಿನ ಅಳತೆಯಲ್ಲಿ ಹೊಯ್ದು ಬರೆದುಕೊಡುವ ಕ್ರಮ ಹೇಳಿಕೊಟ್ಟ.

“ಮುಂಗಾರಿನ ಶಕ್ತಿ ಯಾವ ಊರಿನಲ್ಲಿ ಇಳಿದುಹೋಗುತ್ತೆ ಅಂತ ಕಂಡುಹಿಡೀಬೇಕು ತೋಟಪ್ಪನವರೇ. ಆಮೇಲೆ ನಕ್ಷೆಯಲ್ಲಿ ಒಂದು ಗೆರೆ ಎಳೀತೀವಿ. ಗೆರೆಯಿಂದ ಪಶ್ಚಿಮಕ್ಕೆ ಮಲೆನಾಡು, ಪೂರ್ವಕ್ಕೆ ಬಯಲು.”

“ಗೆರೆ ಎಲ್ಲಿಗೆ ಬರಬೌದು ಸ್ವಾಮಿ?”

“ಇಲ್ಲೇ ಎಲ್ಲೋ.”

ತೋಟಪ್ಪನವರು ಸುತ್ತ ನೋಡಿ ದನಿ ತಗ್ಗಿಸಿದರು. “ನಮ್ಮ ಕೊಟ್ಟಿಗೆಯಿಂದ ಒಂಚೂರು ಆಚೆಗೆ ಎಳೆಯೋಕಾಗುತ್ತಾ? ಖರ್ಚು ಏನಿದ್ರೂ ನಾನು ನೋಡ್ಕೋತೀನಿ.”

ಮಹಾದೇವಯ್ಯ ಅದನ್ನು ಹಾಸ್ಯವೆಂದುಕೊಂಡು ನಕ್ಕ. ಅಬ್ಬಾಸ್ ನಗಲಿಲ್ಲ. ಅವನಿಗೆ ತೋಟಪ್ಪನವರು ಗೊತ್ತಿದ್ದರು.

ಮೃಗಶಿರ ಹುಟ್ಟಿತು. ಆ ಸಲ ಮುಂಗಾರಿಗೆ ಸಮುದ್ರದ ಮೇಲೆ ವಿಜ್ಞಾನಿಗಳ ಜೊತೆ ಮಾತು ಹೆಚ್ಚಾಯಿತೋ ಏನೋ, ಘಾಟಿ ಹತ್ತುವ ಲಕ್ಷಣವೇ ಕಾಣಲಿಲ್ಲ. ಪಾಳ್ಯದ ರಸ್ತೆಯ ಮೇಲೆ ಬಸ್ಸು ಹೋದರೆ ಧೂಳು ಕೂರಲು ಇನ್ನೊಂದು ಬಸ್ಸು ಬರಬೇಕಿತ್ತು. ತೋಟಪ್ಪನವರು ಬೂಟ್ಸು ಹಾಕಿಕೊಂಡು, ಮಳೆಕೋಟು ತೊಟ್ಟು, ದಿನವೂ ಡಬ್ಬಿಯ ಹತ್ತಿರ ಹೋಗಿ ಸೊನ್ನೆ ಬರೆದು ಬರುತ್ತಿದ್ದರು. ಒಳಗೆ ಬೆವರು, ಹೊರಗೆ ಬಿಸಿಲು.

“ಯಜಮಾನ್ರೇ, ಇವತ್ತೂ ಸೊನ್ನೇನಾ?” ಎಂದ ಅಬ್ಬಾಸ್ ಚೀಟಿ ಇಸಿದುಕೊಳ್ಳುತ್ತಾ. “ಕೋಟು ಬಿಚ್ಚಿ ಹಿಂಡಿದ್ರೆ ಇಂಚಲ್ಲಿ ಒಂದೆರಡು ಸೆಂಟಾದ್ರೂ ಬಂದಾತು.”

“ಮುಚ್ಕೊಂಡು ಹೋಗೋ ಮಾರಾಯ.”

“ಹಾನುಬಾಳು ಯಜಮಾನ್ರು ದಿನಾ ಕೇಳ್ತಾ ಇದಾರೆ, ಪಾಳ್ಯದ ಡಬ್ಬಿ ಏನಂತು ಅಂತ.”

ತೋಟಪ್ಪನವರು ಬೂಟ್ಸು ಎಳೆಯುತ್ತಾ ಜಗಲಿಗೆ ಬಂದರು. ಒಳಗೆ ದ್ರಾಕ್ಷಾಯಣಿ ಮದುವೆಯ ಸೀರೆಗೆ ಯಾವ ಬಣ್ಣ ಒಪ್ಪುತ್ತದೆ ಎಂದು ತಾಯಿಯನ್ನು ಕೇಳುತ್ತಿದ್ದಳು. ಅವಳು ಕೇಳುತ್ತಿದ್ದುದು ಅಂದಿಗೆ ಮೂರನೆಯ ಬಾರಿ. ಹಿಂದೆ ಬಂದ ಯಾವ ವರನಿಗೂ ಅವಳು ಬಣ್ಣದ ಸುದ್ದಿ ಎತ್ತಿದವಳಲ್ಲ.

ಮಾರನೆಯ ಬೆಳಿಗ್ಗೆ ಪಾಳ್ಯದ ಜನ ಕಂಡರಿಯದ ದೃಶ್ಯವೊಂದನ್ನು ಕಂಡರು. ತೋಟಪ್ಪನವರು ಬಾವಿಯಿಂದ ನೀರು ಸೇದಿದರು. ಹುಟ್ಟಿದಾರಭ್ಯ ಕುಡಿಯುವ ನೀರಿಗೂ ‘ವಿಶಾಲೂ’ ಎಂದು ಕೂಗುತ್ತಿದ್ದವರು ತಾವೇ ಬಿಂದಿಗೆ ಹೊತ್ತು ನಡೆದರು.

“ಯಾರಿಗೆ ನೀರು?” ಎಂದರು ವಿಶಾಲಮ್ಮ.

“ಗಿಡಕ್ಕೆ.”

“ಯಾವ ಗಿಡಕ್ಕೆ?”

“ಇರೋ ಗಿಡಕ್ಕೆ ಕಣೇ!”

ತೋಟಪ್ಪನವರ ಯೋಚನೆ ಸರಳವಾಗಿತ್ತು. ಆಕಾಶ ಮಳೆ ಸುರಿದರೆ ಕೆರೆ ತುಂಬುತ್ತದೆ. ಅಂಥ ಆಕಾಶದ ಲೆಕ್ಕದಲ್ಲಿ ಒಂದು ಚೊಂಬು ನೀರು ಯಾವ ಮೂಲೆಗೆ? ಚೊಂಬು ಇರುವುದು ಕಾಲು ತೊಳೆಯಲು. ಹತ್ತಿಂಚು ಬರಬೇಕಾದರೆ ಬಿಂದಿಗೆಯೇ ಸರಿ. ದಿನಾ ಇಷ್ಟಿಷ್ಟೇ ಸುರಿಯುವ ರಗಳೆಯೂ ಬೇಡ. ಒಂದೇ ಸಲಕ್ಕೆ ಮುಗಿಸಿಬಿಟ್ಟರೆ ಮೃಗಶಿರದ ಉಳಿದ ದಿನ ನೆಮ್ಮದಿಯಾಗಿ ಇರಬಹುದು. ಡಬ್ಬಿಯ ಬಾಯಿ ಅಂಗೈಯಗಲ. ಬಿಂದಿಗೆಯಲ್ಲಿ ಅರ್ಧ ನೀರು ಇರುವಾಗಲೇ ಅದು ತುಂಬಿ ಹೊರಗೆ ಚೆಲ್ಲಿತು. ಗಾಜಿನ ಅಳತೆಯಲ್ಲಿ ಹೊಯ್ದು ಹೊಯ್ದು ನೋಡಿ, ಸಾಕ್ಷಿಗಿರಲಿ ಎಂದು ನೀರನ್ನು ಮತ್ತೆ ಡಬ್ಬಿಗೇ ಸುರಿದರು. ಹನ್ನೊಂದು ಇಂಚು. ಕೇಳಿದ್ದಕ್ಕಿಂತ ಒಂದಿಂಚು ಧಾರಾಳವಾಗಿಯೇ ಬಂದಿತ್ತು. ಸಂತೋಷದಿಂದ ಚೀಟಿ ಬರೆದು ಅಬ್ಬಾಸನ ಕೈಗೆ ಕೊಟ್ಟರು.

ಅಬ್ಬಾಸ್ ಚೀಟಿ ನೋಡಿದ, ಆಕಾಶ ನೋಡಿದ, ತನ್ನ ಜೀಪಿನ ಮೇಲಿನ ಧೂಳು ನೋಡಿದ. “ಬಾಡಿಗೆ ತಗೊಳ್ಳೋನು ನಾನು, ನಂಗ್ಯಾಕೆ” ಎಂದು ಹೊರಟುಹೋದ.

ಒಂದು ರಾತ್ರಿಗೆ ಹನ್ನೊಂದು ಇಂಚು ಎಂದರೆ ಊರು ಕೊಚ್ಚಿಹೋಗುವ ಮಳೆ ಎಂಬುದು ತೋಟಪ್ಪನವರಿಗೆ ಗೊತ್ತಿರಲಿಲ್ಲ. ಮಹಾದೇವಯ್ಯನಿಗೆ ಗೊತ್ತಿತ್ತು. ಸುತ್ತಲ ಡಬ್ಬಿಗಳೆಲ್ಲ ಒಣಗಿ ಕೂತಿರುವಾಗ ಪಾಳ್ಯವೊಂದರ ಮೇಲೆ ಮೋಡ ಒಡೆದಿದೆ! ಅವನು ಎರಡು ತಂತಿ ಕೊಟ್ಟ. ಒಂದು ತನ್ನ ಮೇಲಧಿಕಾರಿಗೆ, ಇನ್ನೊಂದು ಸರ್ಕಾರಕ್ಕೆ. ತೋಟಪ್ಪನವರಿಗೆ ಮಾತ್ರ ‘ಡಬ್ಬಿಯ ನೀರನ್ನು ಚೆಲ್ಲಬೇಡಿ, ಬಂದು ಪರೀಕ್ಷಿಸುತ್ತೇನೆ’ ಎಂದು ಹೇಳಿಕಳಿಸಿದ. ಇತ್ತ ಅಬ್ಬಾಸ್ ಬಾಯಿ ಬಿಡದಿದ್ದರೂ ಚೀಟಿಯನ್ನು ಇನ್ಯಾರೋ ನೋಡಿದ್ದರು. ಆನೇಮಹಲ್ ಹೋಟೆಲಿನಲ್ಲಿ ಪಾಳ್ಯದ ಸೇತುವೆ ಮುರಿದಿತ್ತು. ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ದನಕರು ತೇಲಿಹೋಗಿದ್ದವು. ಪಾಳ್ಯದಲ್ಲಿ ಸೇತುವೆಯೇ ಇರಲಿಲ್ಲವೆಂಬುದು ಯಾರಿಗೂ ನೆನಪಾಗಲಿಲ್ಲ.

ಮೂರನೆಯ ದಿನ ಪರಿಹಾರದ ಅಧಿಕಾರಿ ವೀರಭದ್ರಯ್ಯ ಪ್ರವಾಹ ನೋಡಲು ಬಂದರು. ಅವರ ಜೀಪಿನ ಹಿಂದೆ ಅಕ್ಕಿ ಮೂಟೆಯ ಲಾರಿ, ಲಾರಿಯ ಹಿಂದೆ ಆಳೆತ್ತರದ ಧೂಳು. ಕೆಳಗಿಳಿದು ಕರವಸ್ತ್ರದಿಂದ ಕನ್ನಡಕ ಒರೆಸಿಕೊಂಡು ಕೇಳಿದರು:

“ಪ್ರವಾಹ ಎಲ್ಲಿ?”

ಪಟೇಲ ಗುಂಡಯ್ಯನವರು ಲಾರಿಯನ್ನು ಒಮ್ಮೆ ನೋಡಿದರು. ಮಳೆಯಿಲ್ಲದ ವರ್ಷ, ಕಂದಾಯ ಮಾಫಿಗೆ ಅರ್ಜಿ ಹಾಕಬೇಕೆಂದು ಅಂದುಕೊಂಡಿದ್ದವರು. ಆದರೆ ಬಾಗಿಲಿಗೆ ಬಂದ ಅಕ್ಕಿಯ ಮುಂದೆ ಬರಗಾಲಕ್ಕೂ ಪ್ರವಾಹಕ್ಕೂ ಏನು ವ್ಯತ್ಯಾಸ?

“ಬಂದು ಹೋಯ್ತು ಸ್ವಾಮಿ” ಎಂದರು.

“ಈ ಧೂಳು?”

“ನೀರು ತಂದು ಹಾಕಿದ ಮಣ್ಣು ಸ್ವಾಮಿ. ಬಿಸಿಲಿಗೆ ಒಣಗ್ಬುಡ್ತು.”

“ಹಾಗೋ. ಮನೆಗಳು?”

“ಅಗೋ, ನಮ್ಮ ಹಿತ್ತಲ ಗೋಡೆ.” ಆ ಗೋಡೆ ಬಿದ್ದದ್ದು ಗುಂಡಯ್ಯನವರ ತಮ್ಮ ಪಾಲು ಕೇಳಿದ ವರ್ಷ.

“ಪ್ರಾಣಹಾನಿ?”

ಗುಂಡಯ್ಯನವರು ನೆರೆದ ಜನರ ಮೇಲೆ ಕಣ್ಣಾಡಿಸಿದರು. ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. “ಸದ್ಯಕ್ಕೆ ಯಾರೂ ಇಲ್ಲ ಸ್ವಾಮಿ” ಎಂದರು ಪಟೇಲರು, ಸ್ವಲ್ಪ ಬೇಸರದಿಂದಲೇ.

ಅಷ್ಟರಲ್ಲಿ ಅಬ್ಬಾಸನ ಜೀಪು ಬಂತು. ಅದರಿಂದ ಮಹಾದೇವಯ್ಯ ಹಾರಿ ಇಳಿದ. ಅವನ ಹಿಂದೆ ನಿಧಾನವಾಗಿ ಇಳಿದವರು ಶಾಂತಮಲ್ಲಪ್ಪನವರು. ತೋಟಪ್ಪನವರು ಮಳೆಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಓಡಿದರು.

“ಬನ್ನಿ ಬನ್ನಿ ಬೀಗ್ರೇ! ಹತ್ತು ಕೇಳಿದ್ರಿ, ಹನ್ನೊಂದು ಕೊಟ್ಟಿದೀವಿ.”

“ಬೀಗ್ರು ಅನ್ನೋದನ್ನ ಸ್ವಲ್ಪ ತಡೀರಿ” ಎಂದರು ಶಾಂತಮಲ್ಲಪ್ಪ. “ನಾನು ಹತ್ತು ಕೇಳಿದ್ದು ಇಡೀ ಮೃಗಶಿರಕ್ಕೆ. ನೀವು ಒಂದು ರಾತ್ರಿಗೆ ಹನ್ನೊಂದು ಸುರಿಸಿದೀರ. ಇಂಥ ಜಾಗಕ್ಕೆ ಹಬ್ಬಕ್ಕೆ ಅಂತ ಮಗನ್ನ ಕಳಿಸ್ಲಾ? ಅಳಿಯತನಕ್ಕೆ ಬಂದೋನು ಹೊಳೆ ಪಾಲಾದ್ರೆ ಯಾರನ್ನ ಕೇಳ್ಲಿ? ಈ ಸಂಬಂಧ ಬೇಡ. ಬಾಯಲ್ಲಿ ಹೇಳಿ ಹೋಗೋಣ ಅಂತ ಬಂದೆ.”

ತೋಟಪ್ಪನವರ ಕೈ ಗುಂಡಿಯ ಮೇಲೇ ನಿಂತಿತು. ಬಾಗಿಲ ಸಂದಿಯಲ್ಲಿ ದ್ರಾಕ್ಷಾಯಣಿಯ ಮುಖ ಕಂಡಿತು, ಮರೆಯಾಯಿತು.

“ಇಲ್ಲ ಯಜಮಾನ್ರೇ! ಪ್ರವಾಹ ಎಲ್ಲೈತೆ? ನೆಲ ನೋಡಿ! ಒಂದು ಹನೀನೂ ಬಿದ್ದಿಲ್ಲ!”

“ಬಿದ್ದಿಲ್ಲವೇ?” ಎಂದರು ವೀರಭದ್ರಯ್ಯ. “ವರದಿಯಲ್ಲಿ ಪ್ರವಾಹ ಇದೆ.”

“ವರದೀಲಿ ಇರಬೌದು ಸ್ವಾಮಿ, ಊರಲ್ಲಿಲ್ಲ.”

“ವರದಿ ಮೇಲಕ್ಕೆ ಹೋಗಿಯಾಯಿತು ಕಣ್ರೀ. ಇನ್ನು ಪ್ರವಾಹ ಬಂದಿಲ್ಲ ಅಂದ್ರೆ ಹೇಗೆ?”

“ಬಂದಿತ್ತು ಸ್ವಾಮಿ” ಎಂದರು ಗುಂಡಯ್ಯ. “ಈ ತೋಟಪ್ಪಂಗೆ ನೀರು ನೋಡಿ ಭಯಕ್ಕೆ ತಲೆ ಕೆಟ್ಟೈತೆ. ಪಾಪ.”

“ನಂಗೆ ತಲೆ ಕೆಟ್ಟಿಲ್ಲ ಕಣೋ ಗುಂಡಯ್ಯ!”

“ನೋಡಿ ಸ್ವಾಮಿ, ಬೇಸಿಗೇಲಿ ಮಳೆಕೋಟು ಹಾಕ್ಕೊಂಡು ಹಿಂಗೇ ಕೂಗಾಡ್ತಾನೆ.”

ಊರಿಗೆ ಊರೇ ತಲೆಯಾಡಿಸಿತು. ಮಳೆ ಬಿದ್ದಿದೆಯೆಂದು ಇಷ್ಟು ವರ್ಷ ತೋಟಪ್ಪನವರು ಸಾಧಿಸಿದಾಗ ಒಬ್ಬರೂ ಒಪ್ಪಿದ್ದವರಲ್ಲ. ಬಿದ್ದಿಲ್ಲವೆಂದು ಅಂಗಲಾಚುವ ದಿನ ಎಲ್ಲರೂ ಒಂದೇ ಬಾಯಲ್ಲಿ ಬಿದ್ದಿದೆ ಎಂದರು.

ಮಹಾದೇವಯ್ಯನಿಗೆ ಈ ಗದ್ದಲ ಕಿವಿಗೆ ಬಿದ್ದಿರಲಿಲ್ಲ. ಅವನು ಮುಳ್ಳುತಂತಿಯೊಳಗೆ ಮಂಡಿಯೂರಿ, ಡಬ್ಬಿಯ ನೀರನ್ನು ಗಾಜಿಗೆ ಹೊಯ್ಯುತ್ತಿದ್ದ. ಇದ್ದಕ್ಕಿದ್ದಂತೆ ಕಿರುಚಿದ.

“ಮೀನು!”

ಎಲ್ಲರೂ ಅತ್ತ ಓಡಿದರು. ಗಾಜಿನಲ್ಲಿ ಭತ್ತದ ಕಾಳಿಗಿಂತ ಚೂರು ದೊಡ್ಡದಾದ ಮರಿಮೀನೊಂದು ಬಾಲ ಆಡಿಸುತ್ತಿತ್ತು. ಮಹಾದೇವಯ್ಯ ಗಾಜನ್ನು ಬಿಸಿಲಿಗೆ ಎತ್ತಿ ಹಿಡಿದ.

“ಮೀನಿನ ಮಳೆ! ಬೇರೆ ದೇಶಗಳಲ್ಲಿ ಬಿದ್ದಿದೆ ಅಂತ ಓದಿದ್ದೆ. ಸುಂಟರಗಾಳಿ ಸಮುದ್ರದಿಂದ ಮೀನನ್ನು ಎತ್ತಿಕೊಂಡು ಮೋಡಕ್ಕೆ ಸೇರಿಸುತ್ತೆ. ಅದು ಘಾಟಿ ದಾಟಿ ನೇರವಾಗಿ ಇಲ್ಲಿಗೆ ಬಂದು… ಹಡಗು ತಗೊಂಡು ಹೋದವರಿಗೂ ಇದು ಸಿಕ್ಕಿಲ್ಲ!”

“ನಮ್ಮ ಅಂಗಳದಲ್ಲೂ ಬಿದ್ದಿತ್ತು ಸ್ವಾಮಿ” ಎಂದರು ಗುಂಡಯ್ಯ. “ಬುಟ್ಟಿಗಟ್ಲೆ.”

“ಹಾಗಾದರೆ ಒಂದೂ ಕಾಣಲ್ಲವಲ್ಲ?”

“ಬೆಕ್ಕು ಸ್ವಾಮಿ.”

ಅಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದ ವಿಶಾಲಮ್ಮ ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕೆ ಇಳಿದರು. ಗಾಜಿನೊಳಗೆ ಬಗ್ಗಿ ನೋಡಿದರು.

“ಇದು ನಮ್ಮ ಬಾವಿ ಮೀನು” ಎಂದರು.

“ಹ್ಯಾಗೆ ಹೇಳ್ತೀರಮ್ಮ? ಸಮುದ್ರದ್ದು ಇರಬಹುದಲ್ಲ?”

“ಹೋದ ವರ್ಷ ಮಲೇರಿಯಾದೋರು ಬಂದು ಸೊಳ್ಳೆ ಮರಿ ತಿನ್ನಲಿ ಅಂತ ಬಾವಿಗೆ ಬಿಟ್ಟು ಹೋದ್ರು ಸ್ವಾಮಿ. ನೀರು ಸೇದಿದಾಗ ಬಿಂದಿಗೆಗೆ ಬಂದ್ರೆ ವಾಪಸ್ ಬಾವಿಗೆ ಬಿಡ್ತೀವಿ. ಇವ್ರಿಗೆ ಅದು ಗೊತ್ತಿಲ್ಲ. ನೀರು ಸೇದಿದ್ದು ಇವ್ರು ಜನ್ಮದಲ್ಲಿ ಅದೇ ಮೊದಲು.” ಗಂಡನ ಕಡೆ ತಿರುಗಿದರು. “ಯಾವ ಗಿಡಕ್ಕೆ ಹಾಕಿದ್ರಿ ಅಂತ ಈಗ ಗೊತ್ತಾಯ್ತು.”

ತೋಟಪ್ಪನವರು ಕೋಟು ಬಿಚ್ಚಿ ಮುಳ್ಳುತಂತಿಯ ಮೇಲೆ ಹಾಕಿದರು.

“ನಾನೇ ಸುರಿದದ್ದು. ಒಂದು ಬಿಂದಿಗೆ. ಅದರಲ್ಲೂ ಅರ್ಧ ಉಳೀತು.”

ವೀರಭದ್ರಯ್ಯನವರಿಗೆ ಕೋಪ ಬರಲಿಲ್ಲ, ಚಿಂತೆ ಬಂತು. ಪ್ರವಾಹವಿಲ್ಲವೆಂದರೆ ತಾವು ಬಂದದ್ದೇಕೆ ಎಂದು ಬರೆಯಬೇಕು. ಸ್ವಲ್ಪ ಹೊತ್ತು ಯೋಚಿಸಿ, ‘ಮುಂದೆ ಬರಬಹುದಾದ ಪ್ರವಾಹಕ್ಕೆ ಮುನ್ನೆಚ್ಚರಿಕೆ’ ಎಂದು ಬರೆದುಕೊಂಡರು. ಅಕ್ಕಿಯನ್ನು ಹಿಂದಕ್ಕೆ ಒಯ್ಯುವ ಬಗ್ಗೆ ಮೇಲಿನಿಂದ ಹುಕುಮು ಇರಲಿಲ್ಲವಾದ್ದರಿಂದ ಮೂಟೆಗಳು ಗುಂಡಯ್ಯನವರ ಮನೆಯಲ್ಲಿ ಇಳಿದವು.

ಶಾಂತಮಲ್ಲಪ್ಪನವರು ಶಲ್ಯ ಕೊಡವಿಕೊಂಡು ಹೊರಟೇಬಿಟ್ಟರು. “ಹನ್ನೊಂದಿಂಚು ಅಂದಾಗ ಹೆದರಿದ್ದೆ. ಸೊನ್ನೆ ಅಂದಾಗ ನಗು ಬಂತು. ಸುಳ್ಳು ಅಂದ ಮೇಲೆ ಮಾತೇನೈತೆ? ನಡಿ ಅಬ್ಬಾಸ್.”

“ಯಜಮಾನ್ರೇ” ಎಂದರು ತೋಟಪ್ಪನವರು. “ತಪ್ಪು ನಂದು. ಡಬ್ಬಿ ಮುಟ್ಟಿದ್ದು ನಾನು, ಹುಡುಗಿ ಅಲ್ಲ. ನನ್ನ ಏನು ಬೇಕಾದ್ರೂ ಅನ್ನಿ, ಹುಡುಗೀನ ಬೇಡ ಅನ್ಬೇಡಿ.”

ಶಾಂತಮಲ್ಲಪ್ಪನವರು ಜೀಪಿಗೆ ಕಾಲಿಟ್ಟರು. ಆಗ ಮಹಾದೇವಯ್ಯ, ಗಾಜನ್ನು ಇನ್ನೂ ಎದೆಗೆ ಹಿಡಿದುಕೊಂಡು, ಯಾವ ದುರುದ್ದೇಶವೂ ಇಲ್ಲದೆ, ಕರೆದ.

“ಶಾಂತಮಲ್ಲಪ್ಪನವರೇ, ಒಂದು ನಿಮಿಷ. ಇಲ್ಲಿಯ ಲೆಕ್ಕ ಕೆಟ್ಟುಹೋಯಿತು. ಈ ಡಬ್ಬಿಯನ್ನು ನಿಮ್ಮ ತೋಟದಲ್ಲಿ ಇಡಲೇ? ಹೋದ ತಿಂಗಳೇ ಕೇಳಿಕಳಿಸಿದ್ದೆ. ಜಾಗ ಇಲ್ಲ ಅಂದಿರಂತೆ.”

ಶಾಂತಮಲ್ಲಪ್ಪನವರ ಕಾಲು ಜೀಪಿನ ಮೆಟ್ಟಿಲ ಮೇಲೇ ನಿಂತಿತು. “ಹೌದು. ಜಾಗ ಇಲ್ಲ.”

“ಇನ್ನೂರು ಎಕರೆಯಲ್ಲಿ ಒಂದು ಡಬ್ಬಿಗೆ?”

“ಎಲ್ಲಾ ಕಡೆ ಗಿಡ.”

ವಿಶಾಲಮ್ಮ ಎರಡು ಹೆಜ್ಜೆ ಮುಂದೆ ಬಂದರು. ದನಿ ಬಹಳ ಮರ್ಯಾದೆಯದಾಗಿತ್ತು. “ಅಣ್ಣಾವ್ರೇ, ನಿಮ್ಮಲ್ಲಿ ನೂರೈವತ್ತಿಂಚು ಅಂದ್ರಲ್ಲ. ಅಳೆದಿದ್ದು ಯಾರು?”

“ನಮ್ಮಪ್ಪಾರು ಹೇಳೋರು.”

“ಅವ್ರು ಹ್ಯಾಗೆ ಅಳೀತಿದ್ರು?”

“ಜಗಲೀಲಿ ಕೂತು ನೋಡೋರು.” ಶಾಂತಮಲ್ಲಪ್ಪನವರು ಶಲ್ಯ ಸರಿ ಮಾಡಿಕೊಂಡರು. “ಆಗಿನೋರಿಗೆ ನೋಡಿದ್ರೇ ಗೊತ್ತಾಗ್ತಿತ್ತು.”

ಅಬ್ಬಾಸ್ ಜೀಪಿನಿಂದ ಕೆಳಗಿಳಿದ. “ಯಜಮಾನ್ರೇ, ಡಬ್ಬಿ ಕಿತ್ತು ಜೀಪಿಗೆ ಹಾಕ್ಲಾ?” ಎಂದ ಬಹಳ ವಿನಯದಿಂದ. “ಬಿಂದಿಗೇನೂ ಜೊತೇಲೇ ಹಾಕ್ಬುಡ್ತೀನಿ. ನೂರೈವತ್ತು ಆಗ್ಬೇಕಲ್ಲ.”

ಮೊದಲು ನಕ್ಕದ್ದು ಬಾಗಿಲ ಹಿಂದಿದ್ದ ದ್ರಾಕ್ಷಾಯಣಿ. ಆ ನಗು ಅಂಗಳಕ್ಕೆಲ್ಲ ಕೇಳಿಸಿತು. ಶಾಂತಮಲ್ಲಪ್ಪನವರು ಬಾಗಿಲ ಕಡೆ ನೋಡಿದರು, ಡಬ್ಬಿಯ ಕಡೆ ನೋಡಿದರು, ಕೊನೆಗೆ ಮೆಟ್ಟಿಲಿನಿಂದ ಕಾಲು ಇಳಿಸಿದರು.

“ಡಬ್ಬಿ ನಮ್ಮನೆಗೆ ಬೇಡ” ಎಂದರು. “ಹುಡುಗೀನ ಕಳಿಸಿ.”

“ಮಳೆ ವಿಚಾರ?” ಎಂದು ತೋಟಪ್ಪನವರು ಬಾಯಿಬಿಟ್ಟರು.

“ಮಳೆ ವಿಚಾರ ನೀವೂ ಎತ್ತಬೇಡಿ, ನಾನೂ ಎತ್ತಲ್ಲ. ತಾಂಬೂಲ ತರಿಸ್ರೀ ಮಾರಾಯ್ರೆ, ಹೊತ್ತಾಯ್ತು.”

ಮುಂಗಾರು ಅದಾದ ಮೂರು ದಿನಕ್ಕೆ ಬಂತು, ಯಾರಿಗೂ ಹೇಳದೆ. ಮದುವೆ ಮಾಘದಲ್ಲಿ ಆಯಿತು. ಮರುವರ್ಷ ಆರಿದ್ರಾ ಮಳೆ ಹಿಡಿದಾಗ ದ್ರಾಕ್ಷಾಯಣಿ ತೌರಿಗೆ ಬರಲಿಲ್ಲ. ಶಾಂತಮಲ್ಲಪ್ಪನವರೇ ಶೀತವಾಗಿ ಎರಡು ವಾರ ಹಾಸಿಗೆ ಹಿಡಿದರು, ಸೊಸೆ ಕಷಾಯ ಕಾಸಿ ಕೊಟ್ಟಳು.

ಮಹಾದೇವಯ್ಯನ ವರದಿಯಲ್ಲಿ ಪಾಳ್ಯದ ಬಗ್ಗೆ ಒಂದು ಸಾಲಿದೆ: ಅಲ್ಲಿಯ ಅಂಕಿಗಳನ್ನು ಕೈಬಿಡಲಾಗಿದೆ. ಮೀನಿನ ಮಳೆಯ ಮಾತಿಲ್ಲ. ನಕ್ಷೆಯ ಗೆರೆ ಪಾಳ್ಯಕ್ಕಿಂತ ಸಾಕಷ್ಟು ಪಶ್ಚಿಮಕ್ಕೇ ಬಿತ್ತು. ದ್ರಾಕ್ಷಾಯಣಿಗೆ ಅವಳು ಒಪ್ಪಿದ ಗಂಡ ಸಿಕ್ಕಿದ. ತೋಟಪ್ಪನವರು ಬಯಲುಸೀಮೆಯವರಾದರು.